ಸುಟ್ಟ ಗುಡ್ಡದ ಮೊದಲ ಮೂರು ಮಳೆಗಾಲ: ಕಾಡಂಚಿನ ಊರುಗಳಿಗೆ ಒಂದು ಮಾರ್ಗದರ್ಶಿ

ಮಾರ್ಚ್ ಅಥವಾ ಏಪ್ರಿಲ್ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಗುಡ್ಡವೊಂದಕ್ಕೆ ಬೆಂಕಿ ಬಿದ್ದು, ಎರಡು ಮೂರು ದಿನ ಉರಿದು ಆರಿದ ಮೇಲೆ, ಸುತ್ತಲಿನ ಊರು ಮತ್ತು ತಾಂಡಾಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಕಾಡು ಮುಗಿದೇ ಹೋಯಿತು ಎನ್ನುವುದು ಒಂದು. ಜೂನ್ 5ರ ಪರಿಸರ ದಿನಕ್ಕೆ ಸಾವಿರ ಸಸಿ ತರಿಸಿ ನೆಟ್ಟುಬಿಡೋಣ ಎನ್ನುವುದು ಇನ್ನೊಂದು. ಎರಡೂ ಅವಸರದ ಮಾತುಗಳೇ. ನಮ್ಮ ಭಾಗದ ಒಣ ಎಲೆಯುದುರುವ ಕಾಡಿನಲ್ಲಿ ಬೆಂಕಿಯ ನಂತರ ಕಾಣುವ ಹಸಿರಿನ ಬಹುಪಾಲು ನೆಲದೊಳಗೆ ಜೀವ ಹಿಡಿದುಕೊಂಡಿರುವ ಹಳೆಯ ಬೇರುಗಳಿಂದ ಬರುತ್ತದೆ. ಆ ಬೇರುಗಳ ಮೇಲಿನ ಮಣ್ಣು ಕೊಚ್ಚಿಹೋಗದಂತೆ, ಅವುಗಳ ಚಿಗುರು ಆಡು ದನಗಳ ಬಾಯಿಗೆ ಬೀಳದಂತೆ, ಮರುವರ್ಷ ಅದೇ ಜಾಗಕ್ಕೆ ಮತ್ತೆ ಬೆಂಕಿ ತಗುಲದಂತೆ ಮೂರು ಮಳೆಗಾಲ ಕಾಯ್ದರೆ ಕಾಡು ತನ್ನ ಕೆಲಸವನ್ನು ತಾನೇ ಬಹುಮಟ್ಟಿಗೆ ಮಾಡಿಕೊಳ್ಳುತ್ತದೆ. ಗ್ರಾಮ ಅರಣ್ಯ ಸಮಿತಿಯವರು, ಕಾಡಂಚಿನ ರೈತರು ಮತ್ತು ಶಾಲೆಯ ಶಿಕ್ಷಕರು ಈ ಕಾಯುವ ಕೆಲಸವನ್ನು ಯಾವ ತಿಂಗಳಲ್ಲಿ, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲೇ ಒಂದು ವಿಷಯವನ್ನು ತಿಳಿದಿರಬೇಕು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಗಿದ್ದು, ಸುಮಾರು 134 ಚದರ ಕಿಲೋಮೀಟರ್ ವಿಸ್ತಾರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮು ಧಾಮದೊಳಗಿನ ಯಾವುದೇ ಉತ್ಪನ್ನವನ್ನು ಅನುಮತಿಯಿಲ್ಲದೆ ತೆಗೆಯುವುದನ್ನು ನಿಷೇಧಿಸುತ್ತದೆ. 30ನೇ ಕಲಮು ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿಯನ್ನು ಹಾಗೆಯೇ ಬಿಟ್ಟುಬರುವುದನ್ನೂ ನಿಷೇಧಿಸುತ್ತದೆ. ಆದ್ದರಿಂದ ಧಾಮದಲ್ಲಾಗಲಿ ಮೀಸಲು ಅರಣ್ಯದಲ್ಲಾಗಲಿ ಕೆಳಗೆ ಹೇಳಿದ ಪ್ರತಿಯೊಂದು ಕೆಲಸವನ್ನೂ ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆ ಪಡೆದು, ಗಸ್ತಿನ ಅರಣ್ಯ ಪಾಲಕರ ಜೊತೆಗೂಡಿಯೇ ಮಾಡಬೇಕು. ಗಾಯರಾಣ (ಊರ ಗೋಮಾಳ), ದೇವಸ್ಥಾನದ ಗುಡ್ಡ ಅಥವಾ ಸ್ವಂತ ಮಡ್ಡಿ ಹೊಲದಲ್ಲಿ ಈ ತೊಡಕು ಅಷ್ಟಿಲ್ಲವಾದರೂ ಪಂಚಾಯಿತಿಗೆ ತಿಳಿಸಿ ಮಾಡುವುದು ಒಳ್ಳೆಯದು.

ಮೊದಲ ವಾರ: ಒಳಗೆ ಹೋಗುವ ಮುನ್ನ

ಹೊಗೆ ಕಾಣುತ್ತಿಲ್ಲವೆಂದ ಮಾತ್ರಕ್ಕೆ ಬೆಂಕಿ ಆರಿದೆ ಎಂದುಕೊಳ್ಳಬಾರದು. ಒಣಗಿದ ಬೊಡ್ಡೆಗಳಲ್ಲಿ, ಟೊಳ್ಳಾದ ಕಾಂಡಗಳಲ್ಲಿ ಮತ್ತು ಸತ್ತ ಬೇರುಗಳಲ್ಲಿ ಕೆಂಡ ಹಲವು ದಿನ ಉಳಿದು, ಮಧ್ಯಾಹ್ನದ ಗಾಳಿಗೆ ಮತ್ತೆ ಹೊತ್ತಿಕೊಳ್ಳುವುದುಂಟು. ಇಂಥದ್ದು ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ತಿಳಿಸಬೇಕು. ಬುಡ ಅರ್ಧ ಸುಟ್ಟ ದೊಡ್ಡ ಮರಗಳು ಗಾಳಿಯೇ ಇಲ್ಲದ ಹೊತ್ತಿನಲ್ಲೂ ಉರುಳುತ್ತವೆಯಾದ್ದರಿಂದ ಒಬ್ಬರೇ ಹೋಗಬಾರದು, ಮಕ್ಕಳನ್ನು ಕರೆದೊಯ್ಯಲೇಬಾರದು, ಕಾಲಿಗೆ ಗಟ್ಟಿ ಬೂಟು ಇರಬೇಕು.

ಈ ವಾರದಲ್ಲಿ ಮಾಡಬೇಕಾದ ಒಂದೇ ಕೆಲಸವೆಂದರೆ ಗಡಿ ಗುರುತಿಸುವುದು. ಮೊಬೈಲಿನ ಜಿಪಿಎಸ್ ಹಚ್ಚಿಕೊಂಡು ಸುಟ್ಟ ಜಾಗದ ಅಂಚಿನಲ್ಲಿ ನಡೆದರೆ ಒರಟು ನಕ್ಷೆಯೊಂದು ಸಿದ್ಧವಾಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹಗಳ ಮೂಲಕ ಬೆಂಕಿಯ ತಾಣಗಳನ್ನು ಗುರುತಿಸಿ, ನೋಂದಾಯಿಸಿಕೊಂಡವರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅದು ಬಳಸುವ ಉಪಗ್ರಹ ಉಪಕರಣಗಳಲ್ಲಿ ಒಂದರ ಒಂದೊಂದು ಚುಕ್ಕೆ ಸುಮಾರು 375 ಮೀಟರ್ ಅಗಲದ ನೆಲವನ್ನು ಸೂಚಿಸುವುದರಿಂದ, ಬೆಂಕಿ ಎಲ್ಲಿ ಬಿತ್ತು ಎಂಬುದಕ್ಕೆ ಅದು ಸಾಕು. ಯಾವ ಹಳ್ಳದ ಆಚೆ ಉಳಿದಿದೆ, ಯಾವ ಇಳಿಜಾರು ಪೂರ್ತಿ ಸುಟ್ಟಿದೆ ಎಂಬುದನ್ನು ನಡೆದೇ ನೋಡಬೇಕು. ಬೆಂಕಿ ಎಲ್ಲವನ್ನೂ ಒಂದೇ ಸಮನೆ ಸುಡುವುದಿಲ್ಲ. ಹಳ್ಳದ ದಂಡೆ, ಬಂಡೆಗಳ ಸಂದು, ದನ ಮೇದು ಬೋಳಾದ ಜಾಗಗಳು ಹಸಿರು ತುಣುಕುಗಳಾಗಿ ಉಳಿದಿರುತ್ತವೆ. ಮುಂದೆ ಬೀಜ ಹಾರಿಬರುವುದೂ, ಹಕ್ಕಿಗಳು ಮರಳುವುದೂ ಇವುಗಳಿಂದಲೇ ಆದ್ದರಿಂದ ನಕ್ಷೆಯಲ್ಲಿ ಸುಟ್ಟ ಜಾಗಕ್ಕಿಂತ ಉಳಿದ ಜಾಗವನ್ನು ಹೆಚ್ಚು ಎಚ್ಚರದಿಂದ ಗುರುತು ಹಾಕಿಕೊಳ್ಳಬೇಕು.

ಮಣ್ಣನ್ನು ಪರೀಕ್ಷಿಸುವುದು

ನಮ್ಮಲ್ಲಿ ಬೀಳುವ ಬೆಂಕಿ ಬಹುತೇಕ ನೆಲದ ಬೆಂಕಿ. ಅದು ಒಣ ಹುಲ್ಲು ಮತ್ತು ಉದುರಿದ ಸಾಗವಾನಿ ಎಲೆಯನ್ನು ಹಿಡಿದು ವೇಗವಾಗಿ ಸಾಗಿಹೋಗುತ್ತದೆಯೇ ಹೊರತು ಅಮೆರಿಕದ ಸೂಚಿಪರ್ಣ ಕಾಡುಗಳಲ್ಲಿ ಆಗುವಂತೆ ಮರದ ನೆತ್ತಿಯಿಂದ ನೆತ್ತಿಗೆ ಹಾರುವುದು ಅಪರೂಪ. ಹೀಗೆ ಓಡುವ ಬೆಂಕಿ ಮಣ್ಣಿನ ಮೇಲ್ಮೈಯನ್ನು ಬಿಸಿ ಮಾಡಿದರೂ ನಾಲ್ಕು ಬೆರಳು ಆಳಕ್ಕೆ ಅದರ ಕಾವು ಅಷ್ಟಾಗಿ ಇಳಿಯುವುದಿಲ್ಲ, ಬೇರುಗಳು ಬದುಕುವುದು ಇದೇ ಕಾರಣಕ್ಕೆ. ಬಿದ್ದ ದಿಮ್ಮಿಯೊಂದು ಒಂದೇ ಕಡೆ ಗಂಟೆಗಟ್ಟಲೆ ಉರಿದ ಜಾಗದ ಕಥೆ ಬೇರೆ.

ಈ ವ್ಯತ್ಯಾಸವನ್ನು ಬೂದಿಯ ಬಣ್ಣವೇ ತೋರಿಸುತ್ತದೆ. ಕಪ್ಪು ಬೂದಿಯಲ್ಲಿ ಎಲೆಯ ನರ, ಹುಲ್ಲಿನ ಬುಡ ಇನ್ನೂ ಗುರುತು ಸಿಗುವಂತಿದ್ದರೆ ಬೆಂಕಿ ಹಗುರವಾಗಿತ್ತೆಂದು ತಿಳಿಯಬೇಕು. ಬೂದಿ ಬೆಳ್ಳಗಾಗಿ, ಅದರ ಕೆಳಗಿನ ಮಣ್ಣು ಇಟ್ಟಿಗೆಯ ಕೆಂಪಿಗೆ ತಿರುಗಿದ್ದರೆ ಅಲ್ಲಿ ಬೇರು, ಬೀಜ, ಮಣ್ಣಿನ ಸೂಕ್ಷ್ಮಜೀವಿಗಳು ಎಲ್ಲವೂ ಬೆಂದಿರುತ್ತವೆ. ಬೀದರಿನ ಮುರಕಲ್ಲು ನೆಲದಲ್ಲಿ ಮಣ್ಣೇ ಕೆಂಪಗಿರುವುದರಿಂದ ಪಕ್ಕದ ಸುಡದ ಜಾಗದ ಮಣ್ಣನ್ನು ಒಂದು ಹಿಡಿ ತಂದು ಹೋಲಿಸಿ ನೋಡದೆ ತೀರ್ಮಾನಕ್ಕೆ ಬರಬಾರದು. ಬಳಿಕ ಸಣ್ಣ ಕುರ್ಚಿಗೆಯಿಂದ ಎರಡು ಮೂರು ಬೆರಳು ಆಳಕ್ಕೆ ಕೆದರಿ, ಅಲ್ಲಿ ಸಿಗುವ ಕೂದಲೆಳೆಯಂಥ ಬೇರನ್ನು ಬಾಗಿಸಬೇಕು. ಬಾಗಿದರೆ ಜೀವವಿದೆ, ಪುಡಿಯಾದರೆ ಇಲ್ಲ.

ಇನ್ನೊಂದು ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕಾದದ್ದು ಅದೇ. ಬೂದಿಯನ್ನು ಕೈಯಿಂದ ಸರಿಸಿ, ಬಾಟಲಿಯ ಮುಚ್ಚಳದಿಂದ ಒಂದು ಹನಿ ನೀರನ್ನು ಒಣ ಮಣ್ಣಿನ ಮೇಲೆ ಬಿಡಬೇಕು. ಹನಿ ತಕ್ಷಣ ಇಂಗಿದರೆ ಚಿಂತೆಯಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತು ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದರೆ, ಆ ಮಣ್ಣು ನೀರನ್ನು ದೂಡುತ್ತಿದೆ ಎಂದರ್ಥ. ಉರಿಯುವ ಎಲೆಗಳ ಮೇಣದಂಥ ಅಂಶ ಆವಿಯಾಗಿ ಕೆಳಗಿಳಿದು, ತಣ್ಣಗಿರುವ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ. ಇಂಥ ನೆಲ ಇಳಿಜಾರಿನಲ್ಲಿದ್ದರೆ ಜೂನ್ ತಿಂಗಳ ಮೊದಲ ಜೋರು ಮಳೆ ಒಳಗಿಳಿಯದೆ, ಬೂದಿಯನ್ನೂ ಮೇಲ್ಮಣ್ಣನ್ನೂ ಬಾಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ನಕ್ಷೆಯಲ್ಲಿ ಇಂಥ ಇಳಿಜಾರುಗಳಿಗೆ ಪ್ರತ್ಯೇಕ ಗುರುತು ಹಾಕಬೇಕು, ಏಕೆಂದರೆ ಮಳೆಗೆ ಮುನ್ನ ಮಾಡುವ ಕೆಲಸವೆಲ್ಲ ಮೊದಲು ಅಲ್ಲಿಂದಲೇ ಶುರುವಾಗಬೇಕು.

ಯಾವ ಮರಕ್ಕೆ ಜೀವವಿದೆ?

ಸುಟ್ಟ ಕಾಡಿನಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಬದುಕಿರುವ ಮರಗಳನ್ನು ಸತ್ತವೆಂದು ಕಡಿದುಬಿಡುವುದು. ಏಪ್ರಿಲ್ ತಿಂಗಳಲ್ಲಿ ಸಾಗವಾನಿ, ದಿಂಡಲು, ಮುತ್ತಲದಂಥ ಮರಗಳು ಬೆಂಕಿ ಬೀಳದಿದ್ದರೂ ಎಲೆಯಿಲ್ಲದೆಯೇ ನಿಂತಿರುತ್ತವೆ. ಹೀಗಾಗಿ ಬೋಳು ಕೊಂಬೆಯನ್ನೂ ಕಪ್ಪು ತೊಗಟೆಯನ್ನೂ ನೋಡಿ ಏನನ್ನೂ ನಿರ್ಧರಿಸಲಾಗದು. ಕಾಂಡದ ಜೀವವೆಲ್ಲ ಇರುವುದು ತೊಗಟೆಯ ಒಳಗಿನ ತೆಳು ಪದರದಲ್ಲಿ. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸಾಯುತ್ತದೆ. ತೊಗಟೆ ದಪ್ಪವಿದ್ದಷ್ಟೂ ಆ ಕಾವು ಒಳಗೆ ತಲುಪುವುದು ತಡವಾಗುತ್ತದೆ. ಬಲಿತ ಮತ್ತಿ, ಮುತ್ತಲಗಳು ಉಳಿಯುವುದಕ್ಕೂ, ಅದೇ ಜಾತಿಯ ಹೆಬ್ಬೆರಳು ಗಾತ್ರದ ಗಿಡಗಳು ಬೇಯುವುದಕ್ಕೂ, ತೆಳು ತೊಗಟೆಯ ಶ್ರೀಗಂಧ ಬೆಂಕಿಗೆ ಬೇಗ ಸೋಲುವುದಕ್ಕೂ ಇದೇ ಕಾರಣ.

ಪರೀಕ್ಷಿಸುವ ಬಗೆ ಹೀಗಿದೆ. ಕುಡುಗೋಲಿನ ತುದಿಯಿಂದ ಮರದ ಬುಡದಲ್ಲಿ, ನೆಲದಿಂದ ಗೇಣುದ್ದ ಮೇಲೆ, ಉಗುರಿನಷ್ಟು ಅಗಲದ ತೊಗಟೆಯನ್ನು ಮೆಲ್ಲಗೆ ಎಬ್ಬಿಸಬೇಕು. ಒಳಪದರ ತೇವವಾಗಿ, ನಸು ಬಿಳಿ ಅಥವಾ ತಿಳಿ ಹಸಿರಾಗಿ, ಹಸಿ ಕಟ್ಟಿಗೆಯ ವಾಸನೆ ಬೀರುತ್ತಿದ್ದರೆ ಆ ಬದಿ ಬದುಕಿದೆ. ಕಂದುಬಣ್ಣಕ್ಕೆ ತಿರುಗಿ ಒಣಗಿದ್ದರೆ ಅಥವಾ ಹುಳಿ ವಾಸನೆ ಬರುತ್ತಿದ್ದರೆ ಸತ್ತಿದೆ. ಒಂದೇ ಬದಿಯಲ್ಲಿ ನೋಡಿ ಸುಮ್ಮನಾಗಬಾರದು. ಇಳಿಜಾರಿನಲ್ಲಿ ಉದುರೆಲೆ ಬಂದು ನಿಲ್ಲುವುದು ಮರದ ಮೇಲ್ಬದಿಯಲ್ಲಾದ್ದರಿಂದ ಹೆಚ್ಚು ಬೇಯುವುದೂ ಆ ಬದಿಯೇ, ಹಾಗಾಗಿ ನಾಲ್ಕೂ ಕಡೆ ನೋಡಬೇಕು. ಎರಡು ಮೂರು ಬದಿ ಹಸಿಯಾಗಿದ್ದರೆ ಮರ ಉಳಿಯುವ ಸಂಭವ ಹೆಚ್ಚು. ನಾಲ್ಕೂ ಬದಿ ಸತ್ತಿದ್ದರೂ ಬೇರು ಸತ್ತಿದೆ ಎನ್ನಲಾಗದು. ಅಂತಿಮ ತೀರ್ಮಾನವನ್ನು ಸೆಪ್ಟೆಂಬರ್ ಕೊನೆಯವರೆಗೆ, ಅಂದರೆ ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ಮುಂದೂಡುವುದೇ ಸರಿ. ಪರೀಕ್ಷೆಗಾಗಿ ಎಲ್ಲ ಮರಗಳನ್ನೂ ಗೀರಬೇಕಾಗಿಲ್ಲ. ಒಂದೊಂದು ಇಳಿಜಾರಿನಲ್ಲಿ ಹತ್ತು ಹನ್ನೆರಡು ಮರ ನೋಡಿದರೆ ಸಾಕು.

ನಿಜಕ್ಕೂ ಸತ್ತ ಮರಗಳನ್ನೂ ದಾರಿಗೆ ಅಥವಾ ಮನೆಗೆ ಅಪಾಯವಾಗದಿದ್ದರೆ ಹಾಗೆಯೇ ಬಿಡಬೇಕು. ನಿಂತ ಒಣಮರದ ಪೊಟರೆಯಲ್ಲಿ ಗೂಬೆ, ಗಿಳಿ, ಮರಕುಟಿಗಗಳು ಗೂಡು ಮಾಡುತ್ತವೆ. ಬಿದ್ದ ದಿಮ್ಮಿ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಸುಟ್ಟ ಕಟ್ಟಿಗೆ ಒಲೆಗೆ ಚೆನ್ನಾಗಿ ಉರಿಯುತ್ತದೆ ಎಂಬುದೇನೋ ನಿಜ, ಆದರೆ ಅದನ್ನು ತರಲು ಒಂದು ಟ್ರ್ಯಾಕ್ಟರ್ ಒಳಗೆ ಹೋದರೆ ಅದರ ಗಾಲಿಯ ಜಾಡೇ ಮುಂದಿನ ಮಳೆಗೆ ಕೊರಕಲಾಗುತ್ತದೆ.

ಇಲ್ಲಿ ಅಂತರ್ಜಾಲದ ವಿಡಿಯೋಗಳ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ 1988ರಲ್ಲಿ ಬಿದ್ದ ಬೆಂಕಿ ಉದ್ಯಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಆವರಿಸಿತ್ತು. ಅಲ್ಲಿನ ಒಂದು ಜಾತಿಯ ಪೈನ್ ಮರದ ಕಾಯಿಗಳು ರಾಳದಿಂದ ಬಿಗಿದುಕೊಂಡಿದ್ದು, ಬೆಂಕಿಯ ಕಾವಿಗೇ ತೆರೆದು ಬೀಜ ಚೆಲ್ಲುವುದರಿಂದ ಆ ಕಾಡು ಮುಖ್ಯವಾಗಿ ಬೀಜದಿಂದ ಮರಳಿ ಎದ್ದಿತು. ಆಸ್ಟ್ರೇಲಿಯಾದ ನೀಲಗಿರಿ ಮರಗಳು ಸುಟ್ಟ ಕಾಂಡದ ತೊಗಟೆಯಡಿಯಿಂದಲೇ ಗೊಂಚಲು ಗೊಂಚಲಾಗಿ ಚಿಗುರುತ್ತವೆ. ನಮ್ಮ ರಸ್ತೆ ಬದಿಯ ನೀಲಗಿರಿ ತೋಪುಗಳಲ್ಲೂ ಅದನ್ನು ಕಾಣಬಹುದು. ನಮ್ಮ ಕಾಡಿನ ಮರಗಳ ದಾರಿ ಇವೆರಡಕ್ಕಿಂತ ಬೇರೆ. ಮುತ್ತಲ ಮತ್ತು ಬೀಡಿ ಎಲೆಯ ತೂಬರೆ ನೆಲದಡಿಯ ಬೇರಿನಿಂದ ಹೊಸ ಗಿಡಗಳನ್ನೇ ಎಬ್ಬಿಸುತ್ತವೆ, ಸಾಗವಾನಿ ಬುಡದಿಂದ ಚಿಗುರುತ್ತದೆ, ಬಿದಿರು ಗಡ್ಡೆಯಿಂದ ಕಳಲೆ ಹೊರಡಿಸುತ್ತದೆ. ಕಕ್ಕೆ ಮತ್ತು ಜಾಲಿಯಂಥ ಗಟ್ಟಿ ಸಿಪ್ಪೆಯ ಬೀಜಗಳು ಹಗುರವಾದ ಕಾವಿಗೆ ಬಿರಿದು ಮೊಳೆಯುವುದೂ ಉಂಟು, ಆದರೆ ಮುಖ್ಯ ಬಲ ಬೇರಿನದ್ದೇ.

ಮೇ ತಿಂಗಳು: ಮಳೆಗೆ ಮುನ್ನ

ಕಲಬುರಗಿ ಭಾಗದಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಬೇಕು. ನೀರು ದೂಡುವ ಇಳಿಜಾರುಗಳಲ್ಲಿ, ಅಲ್ಲೇ ಬಿದ್ದಿರುವ ಕೊಂಬೆ ಮತ್ತು ಮುಳ್ಳುಕಂಟಿಗಳನ್ನು ಇಳಿಜಾರಿಗೆ ಅಡ್ಡವಾಗಿ, ಸಮಪಾತಳಿಯ ಗೆರೆಯಲ್ಲಿ ಸಾಲಾಗಿ ಮಲಗಿಸಬೇಕು. ಕೊಂಬೆಯ ಕೆಳಗೆ ಸಂದು ಉಳಿದರೆ ನೀರು ಅಲ್ಲಿಂದಲೇ ನುಗ್ಗಿ ಕೊರೆಯುವುದರಿಂದ, ಕಾಲಿನಿಂದ ಒತ್ತಿ ನೆಲಕ್ಕೆ ಅಂಟುವಂತೆ ಕೂರಿಸಬೇಕು. ಸಣ್ಣ ಕೊರಕಲುಗಳಿಗೆ ಮೊಣಕಾಲೆತ್ತರದ ಸಡಿಲ ಕಲ್ಲಿನ ತಡೆ ಸಾಕು. ತಡೆಯ ನಡುಭಾಗ ಅಂಚುಗಳಿಗಿಂತ ಒಂದು ಗೇಣು ತಗ್ಗಾಗಿರಬೇಕು. ಇಲ್ಲದಿದ್ದರೆ ನೀರು ಪಕ್ಕದ ದಂಡೆಯನ್ನು ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ಹೊಲದ ಬದುವಿಗೆ ಕೋಡಿ ಬಿಡುವುದನ್ನು ಬಲ್ಲ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜೆಸಿಬಿ ತರಿಸಿ ಕಂದಕ ತೋಡಿಸುವುದನ್ನು ಮಾತ್ರ ಖಂಡಿತ ಮಾಡಬಾರದು, ಏಕೆಂದರೆ ಬೆಂಕಿ ಉಳಿಸಿದ ಬೇರುಗಳನ್ನು ಅದು ಒಂದೇ ದಿನದಲ್ಲಿ ಕಿತ್ತೆಸೆಯುತ್ತದೆ.

ಈ ಕೆಲಸದ ಲಾಭ ಕಾಡಿಗಷ್ಟೇ ಅಲ್ಲ. ಚಂದ್ರಂಪಳ್ಳಿಯಂಥ ಜಲಾಶಯಗಳಿಗೂ ಊರ ಕೆರೆಗಳಿಗೂ ಮೊದಲ ಮಳೆಯಲ್ಲಿ ಬರುವ ಬೂದಿನೀರು ಮತ್ತು ಹೂಳು ಇದರಿಂದ ಕಡಿಮೆಯಾಗುತ್ತದೆ. ಬೂದಿ ಹರಿದುಬಂದ ಗುಂಡಿಗಳ ನೀರನ್ನು ಮೊದಲ ಎರಡು ಮೂರು ಮಳೆ ಕಳೆಯುವವರೆಗೆ ದನಗಳಿಗೆ ಕುಡಿಸದಿರುವುದು ಲೇಸು. ಸ್ಥಳದಲ್ಲೇ ಉಳಿದ ಬೂದಿ ಮಾತ್ರ ಗೊಬ್ಬರವೇ ಸರಿ: ಸಾರಜನಕ ಹೊಗೆಯಾಗಿ ಹೋದರೂ ಪೊಟ್ಯಾಶ್ ಮತ್ತು ಸುಣ್ಣದ ಅಂಶ ಅದರಲ್ಲಿ ಉಳಿದಿರುತ್ತವೆ.

ಮೊದಲ ಮಳೆಗಾಲ: ಮೇವಿನ ಪ್ರಶ್ನೆ

ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ. ಈ ಹಸಿರನ್ನು ಹತ್ತಿರದಿಂದ ನೋಡಬೇಕು. ಕಪ್ಪಗೆ ಕರಕಲಾದ ಮುತ್ತಲದ ಮೋಟಿನ ಬುಡದಲ್ಲಿ, ಮಣ್ಣನ್ನು ಸೀಳಿಕೊಂಡು, ಮೃದು ರೋಮದ ಹೊಳಪಿರುವ ಐದಾರು ಚಿಗುರುಗಳು ಒಟ್ಟಿಗೆ ಎದ್ದಿರುತ್ತವೆ. ಅವುಗಳ ಮೂರು ಮೂರು ಎಲೆಗಳು ಹಳೆಯ ಮರದ ಎಲೆಗಿಂತ ದೊಡ್ಡವಾಗಿರುವುದೂ ಉಂಟು. ಬಲಿತ ಬೇರಿನಲ್ಲಿ ಕೂಡಿಟ್ಟ ಆಹಾರವೆಲ್ಲ ಈ ಪುಟ್ಟ ಚಿಗುರಿಗೆ ಸಿಗುತ್ತಿರುವುದೇ ಇದಕ್ಕೆ ಕಾರಣ. ಈ ಚಿಗುರನ್ನು ಆಡು ಒಮ್ಮೆ ಕಡಿದರೆ ಬೇರು ಮತ್ತೊಮ್ಮೆ ಚಿಗುರಿಸುತ್ತದೆ. ಮತ್ತೆ ಮತ್ತೆ ಕಡಿದರೆ ಕೂಡಿಟ್ಟದ್ದು ಬರಿದಾಗಿ, ಬೆಂಕಿಗೆ ಸಾಯದ ಗಿಡ ಮೇವಿಗೆ ಸಾಯುತ್ತದೆ.

ಹಾಗೆಂದು ಮೇಯಿಸಬೇಡಿ ಎಂದು ಫಲಕ ಬರೆಸಿ ನಿಲ್ಲಿಸಿದರೆ ಕೆಲಸವಾಗುವುದಿಲ್ಲ. ಸುಟ್ಟ ನೆಲದ ಎಳೆ ಹುಲ್ಲು ದನಕ್ಕೆ ರುಚಿ, ಜೂನ್ ಜುಲೈನಲ್ಲಿ ಮನೆಯ ಕಣಿಕೆ ಮುಗಿದಿರುತ್ತದೆ, ಹೊಲವೆಲ್ಲ ಬಿತ್ತನೆಯಾಗಿ ಬೇರೆ ಬಯಲು ಉಳಿದಿರುವುದಿಲ್ಲ. ದನ ಕಾಯುವವರನ್ನು ಬಿಟ್ಟು ಸಭೆ ಮಾಡಿದರೆ ಆ ಸಭೆಗೆ ಅರ್ಥವೂ ಇರುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲಿಯೇ ತಾಂಡಾದ ನಾಯಕರನ್ನೂ, ಕುರಿ ಸಾಕುವವರನ್ನೂ, ಹೆಣ್ಣುಮಕ್ಕಳ ಸಂಘದವರನ್ನೂ ಕೂರಿಸಿಕೊಂಡು ಸುಟ್ಟ ಜಾಗವನ್ನು ಮೂರು ಭಾಗ ಮಾಡಿ ಮಾತಾಡಬೇಕು. ಇಳಿಜಾರು ಮತ್ತು ಚಿಗುರು ಹೆಚ್ಚಿರುವ ಭಾಗಕ್ಕೆ ಮೂರು ಮಳೆಗಾಲ ಯಾವ ಪ್ರಾಣಿಯೂ ಹೋಗಕೂಡದು. ಸಮತಟ್ಟಾದ ಹುಲ್ಲು ಹೆಚ್ಚಿರುವ ಭಾಗದಲ್ಲಿ, ಇಲಾಖೆ ಒಪ್ಪಿದರೆ, ಸೆಪ್ಟೆಂಬರ್ ನಂತರ ಹುಲ್ಲನ್ನು ಕೊಯ್ದು ಹೊತ್ತು ತರಬಹುದು. ಇದರಿಂದ ಬೇಸಿಗೆಯಲ್ಲಿ ಉರಿಯುವ ಒಣಹುಲ್ಲೂ ಕಡಿಮೆಯಾಗುತ್ತದೆ. ಉಳಿದ ಮೂರನೆಯ ಭಾಗವನ್ನು, ಅಲ್ಲಿ ಮೇವಿಗೆ ಮೊದಲಿನಿಂದ ಅವಕಾಶವಿದ್ದಲ್ಲಿ, ದನಕ್ಕೆ ಮಾತ್ರ ಬಿಟ್ಟು ಆಡುಗಳನ್ನು ದೂರವಿಡಬೇಕು. ಪೂರ್ತಿ ಮುಚ್ಚಿದ ಕಾಡಿಗಿಂತ ಊರು ಒಪ್ಪಿ ಅರ್ಧ ಮುಚ್ಚಿದ ಕಾಡೇ ಹೆಚ್ಚು ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದೇ ಮಳೆಗಾಲದಲ್ಲಿ ಕಳೆಯೂ ನುಗ್ಗುತ್ತದೆ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನ, ಕೈಗೆ ಚೀಲ ಕಟ್ಟಿಕೊಂಡು, ಹಸಿ ಮಣ್ಣಿನಲ್ಲಿ ಬೇರುಸಹಿತ ಕೀಳಬೇಕು. ಲಂಟಾನ ಮತ್ತು ಬಳ್ಳಾರಿ ಜಾಲಿ ಸುಟ್ಟ ಮೇಲೂ ಬುಡದಿಂದ ಚಿಗುರುವ ಗಿಡಗಳಾದ್ದರಿಂದ ಮೇಲೆ ಕಡಿದರೆ ಏನೂ ಪ್ರಯೋಜನವಿಲ್ಲ. ಬುಡದ ಗಂಟನ್ನು ಅಗೆದೇ ತೆಗೆಯಬೇಕು, ಅದಕ್ಕೆ ಚಿಗುರು ಎಳೆಯದಾಗಿರುವ ಮೊದಲ ವರ್ಷವೇ ತಕ್ಕ ಸಮಯ.

ಲೆಕ್ಕ ಇಡುವ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಗೆ ವಹಿಸಬಹುದು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ನಾಲ್ಕೈದು ಚೌಕಗಳನ್ನು ಬಣ್ಣ ಬಳಿದ ಕಲ್ಲುಗಳಿಂದ ಗುರುತಿಸಿ, ಪ್ರತಿ ಅಕ್ಟೋಬರಿನಲ್ಲಿ ಅದರೊಳಗಿನ ಬುಡದ ಚಿಗುರೆಷ್ಟು, ಬೀಜದಿಂದ ಬಂದ ಸಸಿಯೆಷ್ಟು, ಯಾವ ಜಾತಿಯವು ಎಂದು ಎಣಿಸಿ, ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆದಿಡಬೇಕು. ಹಕ್ಕಿಗಳ ಪಟ್ಟಿಯೂ ಇರಲಿ. ಬೆಂಕಿ ಉರಿಯುವಾಗಲೇ ಹಾರುವ ಹುಳ ಹಿಡಿಯಲು ಕಾಜಾಣ ಮತ್ತು ನೀಲಕಂಠಗಳು ಬರುತ್ತವೆ, ಎಳೆ ಹುಲ್ಲಿಗೆ ಚಿಗರಿ ಬರುತ್ತದೆ. ಆದರೆ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳು ಮತ್ತು ಪೊದೆಯಲ್ಲಿ ಅಡಗುವ ಪ್ರಾಣಿಗಳು ಮರಳಲು ಹೆಚ್ಚು ಸಮಯ ಹಿಡಿಯುತ್ತದೆ.

ಮುಂದಿನ ಬೇಸಿಗೆ

ಒಮ್ಮೆ ಸುಟ್ಟ ಕಾಡು ಮರುವರ್ಷ ಸುಡುವುದಿಲ್ಲ ಎಂಬ ನಂಬಿಕೆ ತಪ್ಪು. ನೆರಳು ಕಡಿಮೆಯಾದ ಗುಡ್ಡದಲ್ಲಿ ಮೊದಲ ಮಳೆಗೆ ಹುಲ್ಲು ಎದೆಮಟ್ಟ ಬೆಳೆದು, ಫೆಬ್ರುವರಿ ಹೊತ್ತಿಗೆ ಒಣಗಿ ನಿಂತಿರುತ್ತದೆ. ಬುಡದ ಚಿಗುರು ಆಗಿನ್ನೂ ತೆಳು ತೊಗಟೆಯ ಕೋಲು. ಎರಡನೆಯ ಬೆಂಕಿ ಅದನ್ನು ಮತ್ತೆ ನೆಲಸಮ ಮಾಡುತ್ತದೆ. ಹೀಗೆ ವರ್ಷ ವರ್ಷವೂ ಆದರೆ ಮರ ಹೋಗಿ ಹುಲ್ಲು ಮತ್ತು ಮುಳ್ಳುಕಂಟಿ ಮಾತ್ರ ಉಳಿಯುತ್ತವೆ. ಹಾಗಾಗಿ ಇಡೀ ಕ್ರಮದಲ್ಲಿ ಒಂದೇ ಒಂದು ಕೆಲಸಕ್ಕೆ ಮಾತ್ರ ಹಣವಿದೆ ಎನ್ನುವ ಸಮಿತಿ ಅದನ್ನು ಎರಡನೆಯ ಬೇಸಿಗೆಯ ಬೆಂಕಿ ಕಾವಲಿಗೇ ಇಡಬೇಕು.

ಡಿಸೆಂಬರ್–ಜನವರಿಯಲ್ಲಿಯೇ ಇಲಾಖೆಯವರೊಂದಿಗೆ ಸೇರಿ ಬೆಂಕಿ ರೇಖೆಗಳ, ಅಂದರೆ ಬೆಂಕಿ ದಾಟದಂತೆ ಬಿಟ್ಟ ಖಾಲಿ ಪಟ್ಟಿಗಳ, ಹುಲ್ಲು ಸವರಿ, ಎಲೆ ಗುಡಿಸಬೇಕು. ಸಾಗವಾನಿ ಎಲೆ ಹಲವು ವಾರ ಉದುರುತ್ತಲೇ ಇರುವುದರಿಂದ ಒಮ್ಮೆ ಗುಡಿಸಿ ಬಿಟ್ಟರೆ ಸಾಲದು. ಕಾಡಂಚಿನ ಹೊಲಗಳಲ್ಲಿ ತೊಗರಿ ರಾಶಿಯ ನಂತರ ಉಳಿಯುವ ಕಟ್ಟಿಗೆಯನ್ನೂ, ಬೀದರ ಜಿಲ್ಲೆಯಲ್ಲಿ ಕಬ್ಬಿನ ರವದಿಯನ್ನೂ ಬದುವಿನಲ್ಲಿ ಸುಡುವ ರೂಢಿಯಿದೆ. ಬೇಸಿಗೆಯ ಗಾಳಿಗೆ ಒಂದು ಕಿಡಿ ಬದು ದಾಟಲು ಹೆಚ್ಚು ಹೊತ್ತು ಬೇಡ. ತೊಗರಿ ಕಟ್ಟಿಗೆಯನ್ನು ಒಲೆಗೆ ಅಥವಾ ಬೇಲಿಗೆ ಬಳಸಿ, ರವದಿಯನ್ನು ಕತ್ತರಿಸಿ ಮಣ್ಣಿಗೇ ಸೇರಿಸುವಂತೆ ಆ ಕೆಲವೇ ಮನೆಗಳವರೊಂದಿಗೆ ಮಾತಾಡುವುದು, ಊರಿಗೆಲ್ಲ ಡಂಗುರ ಸಾರುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಬೀಡಿ ಎಲೆ ಚೆನ್ನಾಗಿ ಚಿಗುರಲಿ, ಹಿಪ್ಪೆ ಹೂ ಆಯಲು ನೆಲ ಚೊಕ್ಕವಾಗಲಿ ಎಂದು ಬೆಂಕಿ ಇಡುವವರು ಇದ್ದಲ್ಲಿ, ಮರದ ಬುಡವನ್ನು ಗುಡಿಸಿ ಹಳೆಯ ಸೀರೆ ಹಾಸಿದರೆ ಹೂ ಸುಲಭವಾಗಿ ಸಿಗುತ್ತದೆಂದು ತೋರಿಸಿಕೊಡಬಹುದು.

ನೆಡುವುದಾದರೆ ಯಾವಾಗ, ಎಲ್ಲಿ?

ಎರಡು ಮಳೆಗಾಲ ಕಳೆದ ಮೇಲೆ ಮಕ್ಕಳ ಎಣಿಕೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಬರಬೇಕು. ಚೌಕದಲ್ಲಿ ಬುಡದ ಚಿಗುರು ಚೆನ್ನಾಗಿದ್ದರೆ ಅಲ್ಲಿ ನೆಡುವ ಅಗತ್ಯವೇ ಇಲ್ಲ; ಗುಂಡಿ ತೋಡುವಾಗ ಇದ್ದ ಬೇರಿಗೇ ಪೆಟ್ಟು ಬೀಳುತ್ತದೆ. ಬೆಳ್ಳಗೆ ಬೆಂದ ಜಾಗಗಳು, ಮಣ್ಣು ಕೊಚ್ಚಿಹೋದ ಇಳಿಜಾರುಗಳು ಮತ್ತು ಕಳೆ ಕಿತ್ತ ತೆರವುಗಳು ಇನ್ನೂ ಬರಿದಾಗಿದ್ದರೆ ಮಾತ್ರ ಮೂರನೆಯ ಜೂನಿನಲ್ಲಿ ನೆಡಬಹುದು. ಆಗಲೂ ಅದೇ ಗುಡ್ಡದ ಹಸಿರು ತುಣುಕುಗಳಿಂದ ಆಯ್ದ ಕಮರ, ಕಕ್ಕೆ, ಬಾರಿ, ಸೀತಾಫಲದ ಬೀಜಗಳಿಂದ ಬೆಳೆಸಿದ ಸಸಿಗಳೇ ಇರಲಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಾದ ಕೂಡಲೇ ಬಿತ್ತಬೇಕು. ಶ್ರೀಗಂಧ ಬೇರೆ ಗಿಡದ ಬೇರಿನಿಂದಲೂ ಆಹಾರ ಹೀರುವ ಮರವಾದ್ದರಿಂದ ಬರಿನೆಲದಲ್ಲಿ ಒಂಟಿಯಾಗಿ ನೆಟ್ಟರೆ ನಿಲ್ಲದು, ಆಸರೆಯ ಗಿಡದ ಪಕ್ಕದಲ್ಲೇ ಹಾಕಬೇಕು. ನೀಲಗಿರಿ, ಅಕೇಶಿಯಾ ಬೇಡ. ಬೀಜದುಂಡೆ ಎಸೆಯುವ ಕಾರ್ಯಕ್ರಮಗಳು ಫೋಟೋಗೆ ಚೆನ್ನ, ಆದರೆ ಗಟ್ಟಿ ಮುರಕಲ್ಲಿನ ಮೇಲೆ ಬಿದ್ದ ಉಂಡೆ ಒಂದು ಮಳೆಗೆ ಮೊಳೆತು, ಮುಂದಿನ ಮಳೆ ತಡವಾದರೆ ಒಣಗುತ್ತದೆ. ಅದೇ ಬೀಜವನ್ನು ಕೊಂಬೆ ಸಾಲಿನ ಮೇಲ್ಬದಿಯಲ್ಲಿ ನಿಂತ ಹೂಳಿನಲ್ಲಿ ಒಂದು ಬೆರಳು ಆಳಕ್ಕೆ ಊರಿದರೆ ಬದುಕುವ ಸಂಭವ ಹೆಚ್ಚು.

ಮೂರನೆಯ ಮಳೆಗಾಲ ಮುಗಿದ ಮೇಲೆ ಮುಚ್ಚಿದ ಭಾಗವನ್ನು ಒಟ್ಟಿಗೆ ತೆರೆಯದೆ, ಚಿಗುರು ಆಡು ಹಿಂಗಾಲ ಮೇಲೆ ನಿಂತರೂ ಬಾಯಿಗೆ ಸಿಗದಷ್ಟು ಎತ್ತರವಾಗಿರುವ ತುಂಡನ್ನು ಮೊದಲು ಗುರುತಿಸಬೇಕು. ಅಷ್ಟು ಬೆಳೆಯದ ತುಂಡುಗಳಿಗೆ ಇನ್ನೊಂದು ವರ್ಷ ಕಾವಲು ಮುಂದುವರಿಸಿ, ನಕ್ಷೆ, ಫೋಟೋ ಮತ್ತು ಎಣಿಕೆಯ ಪುಸ್ತಕದ ಒಂದೊಂದು ಪ್ರತಿಯನ್ನು ವಲಯ ಕಚೇರಿಗೂ ಶಾಲೆಗೂ ಕೊಡಬೇಕು. ಅರಣ್ಯ ಸಿಬ್ಬಂದಿಗೂ ಶಿಕ್ಷಕರಿಗೂ ವರ್ಗಾವಣೆ ತಪ್ಪಿದ್ದಲ್ಲವಾದ್ದರಿಂದ, ಹೊಸಬರು ಬಂದಾಗ ಯಾವ ಇಳಿಜಾರನ್ನು ಯಾವ ವರ್ಷದಿಂದ ಏಕೆ ಮುಚ್ಚಲಾಗಿದೆ ಎಂಬುದು ಬರವಣಿಗೆಯಲ್ಲಿ ಸಿಗುವಂತಿರಬೇಕು.